ಮೂರನೆಯ ಹೋಳಿಗೆ

ನಮ್ಮೂರಲ್ಲಿ ಸಂಬಳದ ದಿನ ಯಾರ ಮನೆಯಲ್ಲೂ ಸಿಹಿ ಮಾಡುವುದಿಲ್ಲ. ಸಿಹಿ ಏನಿದ್ದರೂ ತಿಂಗಳ ಕಡೆಯ ದಿನ. ಅವತ್ತು ಸಂಜೆ ಊರಿಗೆ ಊರೇ ಪೇಟೆಯಲ್ಲಿರುತ್ತದೆ. ಸೆರಗಿನ ತುದಿಯಲ್ಲಿ ಉಳಿದ ಪುಡಿಗಾಸಿಗೆ ಬತ್ತಾಸು ಕೊಳ್ಳುತ್ತೇವೆ, ಬಳೆ ಕೊಳ್ಳುತ್ತೇವೆ, ಏನೂ ಬೇಡವಾದರೆ ಒಂದು ಹಿಡಿ ಗುಂಡಿ ಕೊಳ್ಳುತ್ತೇವೆ. ಮೈಮೇಲೆ ನೆಟ್ಟಗೊಂದು ಅಂಗಿ ಇಲ್ಲದವರ ಮನೆಯಲ್ಲೂ ಡಬ್ಬಿ ತುಂಬ ಬಣ್ಣಬಣ್ಣದ ಗುಂಡಿ ಇರುತ್ತವೆ. ಇದಕ್ಕೆ ನಾವು ಕೈ ತೊಳೆಯುವುದು ಎನ್ನುತ್ತೇವೆ. ಹೊತ್ತು ಮುಳುಗುವುದರೊಳಗೆ ಕೈ ತೊಳೆಯದೆ ಯಾರಾದರೂ ದುಡ್ಡು ಉಳಿಸಿಕೊಂಡರೆ, ಎಷ್ಟು ಉಳಿಸಿದ್ದಾರೋ ಅಷ್ಟಕ್ಕೆ ಸರಿಯಾಗಿ ಅವರ ಮನೆಯಲ್ಲಿ ಏನಾದರೊಂದು ಕೆಡುತ್ತದೆ. ಇಪ್ಪತ್ತು ರೂಪಾಯಿ ಇದ್ದರೆ ಚಪ್ಪಲಿಯ ಉಂಗುಟ ಕಿತ್ತುಹೋಗುತ್ತದೆ, ಇನ್ನೂರಿದ್ದರೆ ನಲ್ಲಿ. ರಿಪೇರಿಯವನು ಬಂದು, ಬಗ್ಗಿ ನೋಡಿ, ಇಷ್ಟಾಗುತ್ತದೆ ಎಂದು ಹೇಳುವ ಲೆಕ್ಕವೂ ನಮ್ಮ ಗಂಟಿನ ಲೆಕ್ಕವೂ ಒಂದೇ. ಹೀಗೇಕೆ ಎಂದು ಕೇಳುವವರು ನಮ್ಮೂರಲ್ಲಿಲ್ಲ. ಬೇಸಿಗೆಯಲ್ಲಿ ಸೆಕೆ ಯಾಕೆ ಎಂದು ಯಾರು ಕೇಳುತ್ತಾರೆ?

ನಿಜ ಹೇಳಬೇಕೆಂದರೆ ನಮ್ಮಂಥವರಿಗೆ ಅದರ ಭಯವೇನೂ ಇರಲಿಲ್ಲ. ಉಳಿದರೆ ತಾನೆ ಕೆಡುವುದು. ನಾನು ಹಪ್ಪಳದ ಕಾರ್ಖಾನೆಯಲ್ಲಿ ಹಿಟ್ಟು ನಾದುತ್ತೇನೆ. ನನ್ನ ಗಂಡ ಯಮನಪ್ಪ ಎಣ್ಣೆ ಗಿರಣಿಯಲ್ಲಿ ಚೀಲ ಹೊರುತ್ತಾನೆ. ಸಂಬಳದ ದಿನ ಕಾರ್ಖಾನೆಯ ಗೇಟಿನ ಹೊರಗೆ, ಕೆಂಪು ಮೋಟರ್ ಸೈಕಲ್ಲಿಗೆ ಒರಗಿಕೊಂಡು, ಗುರುಪಾದಪ್ಪ ನಿಂತಿರುತ್ತಿದ್ದ. ಬಾಡಿಗೆ, ನೀರು, ಲೈಟು, ಬೀದಿ ಗುಡಿಸಿದ್ದು, ಎಲ್ಲದರ ವಸೂಲಿಗೂ ಅವನೊಬ್ಬನೇ. ತಲೆ ಪೂರ್ತಿ ಬೆಳ್ಳಗಾಗಿತ್ತು, ಆದರೆ ಗಾಡಿ ಮಾತ್ರ ಮದುವಣಿಗನಂತೆ ಮಿರಮಿರ ಮಿಂಚುತ್ತಿತ್ತು. "ನಿಂದೆಷ್ಟವಾ?" ಎಂದು ಕೇಳುತ್ತಿದ್ದ, ಗೊತ್ತಿಲ್ಲದವನ ಹಾಗೆ. ಸಂಬಳದ ಲಕೋಟೆ ನನ್ನ ಕೈಯಿಂದ ಅವನ ಕೈಗೆ ಹೋಗಿ ತಿರುಗಿ ನನ್ನ ಕೈಗೆ ಬರುವಾಗ ಹಿಟ್ಟಿಗೆ, ಎಣ್ಣೆಗೆ ಸಾಲುವಷ್ಟು ಇದ್ದರೆ ಪುಣ್ಯ. ತಿಂಗಳಿಡೀ ನಾದಿದ್ದು ನಾನು, ಲಟ್ಟಿಸಿಕೊಂಡು ಹೋಗುವವನು ಅವನು.

ಹೀಗೇ ಇರುತ್ತಿದ್ದೆವು, ಕಸ್ತೂರಿಯ ಕಿವಿ ಕೆಡದಿದ್ದರೆ. ಕಸ್ತೂರಿ ನಮ್ಮ ಒಬ್ಬಳೇ ಮಗಳು, ಏಳು ವರ್ಷದವಳು. ಎರಡೂ ಕಿವಿ ಸೋರುತ್ತಿದ್ದವು. ಮೊದಮೊದಲು ಕರೆದರೆ ತಡವಾಗಿ ತಿರುಗುತ್ತಿದ್ದಳು, ಆಮೇಲೆ ತಿರುಗುವುದನ್ನೇ ಬಿಟ್ಟಳು. ಪಕ್ಕದ ಊರಿನ ಆಸ್ಪತ್ರೆಗೆ ವರ್ಷಕ್ಕೊಮ್ಮೆ ಕಿವಿಯ ದೊಡ್ಡ ಡಾಕ್ಟರು ಬರುತ್ತಾರೆ. ಅವರು ಲೈಟು ಹಾಕಿ ನೋಡಿ, ಕಿವಿಯ ಒಳಗಿನ ಪರದೆ ಹರಿದಿದೆ, ಆಪರೇಷನ್ ಆಗಬೇಕು, ಒಂಬತ್ತು ಸಾವಿರ ಎಂದರು. ಬರುವ ವರ್ಷ ಇದೇ ದಿನ, ತಿಂಗಳ ಮೊದಲ ತಾರೀಖು, ಬನ್ನಿ ಎಂದರು. ಆ ವರ್ಷವನ್ನೂ ದಾಟಿಸಿದರೆ ನನ್ನ ಹತ್ತಿರ ಬರಬೇಡಿ, ಬಂದರೂ ಉಪಯೋಗವಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದರು. ತಿಂಗಳಿಗಿಷ್ಟು ಮುಂಗಡ ಕೊಡುತ್ತೇವೆ ಎಂದರೆ ಅಲ್ಲಿಯ ಗುಮಾಸ್ತ ಕೈ ಹಿಂದಕ್ಕೆ ಎಳೆದುಕೊಂಡ. ನಮ್ಮೂರ ದುಡ್ಡೆಂದರೆ ಪರವೂರಿನವರಿಗೂ ಹೆದರಿಕೆ. ನಮ್ಮಲ್ಲೂ ಒಂದು ಕಾಲಕ್ಕೆ ಬ್ಯಾಂಕು ತೆರೆದಿದ್ದರಂತೆ. ಮೊದಲ ತಿಂಗಳ ಕಡೆಯ ದಿನವೇ ಅದರ ಮಾಳಿಗೆ ಕುಸಿಯಿತು. ಈಗ ಅಲ್ಲಿ ಕುರಿ ಕಟ್ಟುತ್ತಾರೆ.

ಆ ದಿನ ಬಸ್ಸಿನಿಂದ ಇಳಿದು ಮನೆಗೆ ನಡೆಯುವಾಗಲೇ ನಾನು ನಿರ್ಧಾರ ಮಾಡಿದ್ದೆ. ಮನೆಗೆ ಬಂದು ಯಮನಪ್ಪನಿಗೆ ಹೇಳಿದೆ.

"ದುಡ್ಡು ಉಳಸೂಣ್ರಿ. ಏನ್ ಕೆಡತೈತೋ ಕೆಡ್ಲಿ. ಕೆಟ್ಟದ್ದನ್ನ ರಿಪೇರಿ ಮಾಡ್ಸೂದಿಲ್ಲ, ಅಷ್ಟ."

ಅವನ ಮುಖ ಸುಣ್ಣವಾಯಿತು. "ರಾಚಪ್ಪನ ಮನೀ ಮರತಿಯೇನ ನಿಂಬಿ? ಮಾಳಿಗಿ ಹಾಕಸ್ತೀನಂತ ಅವನೂ ಹಿಂಗ ಮಾಡಿದ. ಮನ್ಯಾನ ಸಾಮಾನೆಲ್ಲಾ ಮುಗದ ಮ್ಯಾಲ ಹೆಂಡ್ತಿ ಬೆನ್ನಿಗೆ ಬಂತು. ತವರಮನಿಗೆ ಕಳಸಿದ್ರೂ ಬಿಡ್ಲಿಲ್ಲ."

ಅದು ಸುಳ್ಳಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಿಸದಿದ್ದರೆ ದುಡ್ಡೇನೋ ಕೈಯಲ್ಲೇ ಉಳಿಯುತ್ತದೆ. ಆದರೆ ಮರುತಿಂಗಳ ಕಡೆಯ ದಿನ ಹಳೆಯದೂ ಹೊಸದೂ ಸೇರಿ ಇನ್ನೂ ದೊಡ್ಡದೊಂದು ಕೆಡುತ್ತದೆ. ಅದರ ಮರುತಿಂಗಳು ಅದಕ್ಕಿಂತ ದೊಡ್ಡದು. ಅಷ್ಟು ಬೆಲೆಯ ಸಾಮಾನು ಮನೆಯಲ್ಲಿ ಇಲ್ಲದಿದ್ದರೆ ಸರದಿ ಮನುಷ್ಯರದು. ಮನೆಯವರು ಎಲ್ಲಿದ್ದರೂ ಮನೆಯವರೇ. ರಾಚಪ್ಪನ ಹೆಂಡತಿ ಈಗಲೂ ಗೋಡೆ ಹಿಡಿದುಕೊಂಡು ಓಡಾಡುತ್ತಾಳೆ, ಅವರ ಮನೆಗೆ ಈಗಲೂ ಮಾಳಿಗೆ ಇಲ್ಲ. ಇಷ್ಟು ಗೊತ್ತಿದ್ದೂ ನಾನು ಹಟ ಹಿಡಿದೆ. ಕಿವುಡಿಯಾಗಿ ಬಾಳಬೇಕಾದವಳು ರಾಚಪ್ಪನ ಮಗಳಲ್ಲ, ನನ್ನ ಮಗಳು.

ಕಾರ್ಖಾನೆಯಲ್ಲಿ ಬಿಡುವಿನ ಹೊತ್ತಿಗೂ ನಾದಿದೆ. ಯಮನಪ್ಪ ಬೀಡಿ ಬಿಟ್ಟ. ಒಂದು ಹೊತ್ತು ಬೇಳೆ, ಒಂದು ಹೊತ್ತು ಬರೀ ಖಾರ. ಅಕ್ಕಿಯ ಡಬ್ಬಿಯಲ್ಲಿ ಗಂಟು ಕೂಡತೊಡಗಿತು, ಮನೆ ಕೆಡತೊಡಗಿತು. ಮೊದಲು ನಲ್ಲಿ, ಆಮೇಲೆ ಸ್ಟವ್, ಆಮೇಲೆ ಫ್ಯಾನು. ಮಂಚದ ಕಾಲು ಮುರಿಯಿತು, ಹಗ್ಗ ಕಟ್ಟಿದೆವು. ಬಾಗಿಲು ಚೌಕಟ್ಟು ಸಮೇತ ಕಳಚಿ ಬಂತು, ಗೋಣಿಚೀಲ ಇಳಿಬಿಟ್ಟೆವು. ಯಮನಪ್ಪನ ಸೈಕಲ್ಲು ನಡುವಿನಲ್ಲಿ ಎರಡಾಯಿತು, ಅವನು ಗಿರಣಿಗೆ ನಡೆದು ಹೋಗತೊಡಗಿದ. ಹಿಂದಿನ ಗೋಡೆಗೆ ಕೈ ತೂರುವಷ್ಟು ಬಿರುಕು ಬಂತು. ತಿಂಗಳ ಕಡೆಯ ದಿನ ಊರೆಲ್ಲ ಬತ್ತಾಸು ತಿನ್ನುವಾಗ ನಾವು ಮೂವರು ಮನೆಯ ನಡುವೆ ಕೂತು, ಎಲ್ಲಿ ಸದ್ದಾಗುತ್ತದೆ ಎಂದು ಕಾಯುತ್ತಿದ್ದೆವು. ನಾವು ಎಂದರೆ ನಾನೂ ಯಮನಪ್ಪನೂ. ಕಸ್ತೂರಿಗೆ ಸದ್ದು ಎಲ್ಲಿಯದು? ಅವಳು ಗುಂಡಿಗಳನ್ನು ಸಾಲಾಗಿ ಜೋಡಿಸುತ್ತಿದ್ದಳು.

ಕಡೆಗೆ ಒಂದು ಸಲ ಸದ್ದೇ ಆಗಲಿಲ್ಲ. ಏನೂ ಕೆಡಲಿಲ್ಲವಲ್ಲ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡೆವು. ರೊಟ್ಟಿ ಕಡಿದಾಗ ತಿಳಿಯಿತು. ನನ್ನ ದವಡೆಯ ಹಲ್ಲುಗಳು ಸಾಲಾಗಿ ಪುಡಿಯಾಗಿ ಬಾಯಿಗೆ ಬಂದವು. ರಕ್ತ ಉಗುಳಿ ಬಾಯಿ ಮುಕ್ಕಳಿಸಿದೆ. ನೋವಿಗಿಂತ ಹೆದರಿಕೆ ದೊಡ್ಡದಾಗಿತ್ತು. ಮನೆಯಲ್ಲಿ ಸಾಮಾನು ಮುಗಿದವು ಎಂದು ಅದರ ಅರ್ಥ. ಇನ್ನು ಒಂದೇ ತಿಂಗಳು ಉಳಿದಿತ್ತು. ಮುಂದಿನ ಸಲ ಡಬ್ಬಿಯಲ್ಲಿ ಪೂರ್ತಿ ಒಂಬತ್ತು ಸಾವಿರ ಇರುತ್ತದೆ, ಮನೆಯಲ್ಲಿ ಮೂರು ಜೀವ ಇರುತ್ತವೆ.

"ಸಾಕ ನಿಂಬಿ," ಎಂದ ಯಮನಪ್ಪ. "ಕೈ ತೊಳದ ಬಿಡೂಣು. ಕಿವಿ ಮಾಡಸಾಕ ಹೋಗಿ ಆ ಕೂಸಿನ ಕಣ್ಣಿಗೇ ಬಂದ್ರ ಏನ್ ಮಾಡ್ತಿ?"

ಆ ತಿಂಗಳು ಒಂದು ದಿನವೂ ನಾನು ನೆಮ್ಮದಿಯಾಗಿ ಮಲಗಲಿಲ್ಲ. ಬೆಲೆಬಾಳುವ ಸಾಮಾನು ಯಾವುದಾದರೂ ಒಂದು ದಿನದ ಮಟ್ಟಿಗೆ ಮನೆಯಲ್ಲಿದ್ದರೆ ಕೇಡು ಅದರ ಮೇಲೆ ಹೋಗುತ್ತದೆ ಎಂದು ಲೆಕ್ಕ ಹಾಕಿ ಬೀದಿ ಸುತ್ತಿದೆ. ಹೊಲಿಗೆ ಮಷೀನು ಕೇಳಿದೆ, ಟಿವಿ ಕೇಳಿದೆ. ಗೋಣಿಚೀಲದ ಬಾಗಿಲಿನವಳಿಗೆ ತಿಂಗಳ ಕಡೆಯ ದಿನ ಸಾಮಾನು ಕೊಡಲು ಜನ ಹುಚ್ಚರೇ? ಒಬ್ಬಳಂತೂ ನನ್ನನ್ನು ಕಂಡು ತನ್ನ ಮೇಕೆಯನ್ನೂ ಒಳಗೆ ಎಳೆದುಕೊಂಡಳು.

ಆಗ ಬಂತು ಕೆಂಪು ಮೋಟರ್ ಸೈಕಲ್ಲು. ಬಾಕಿ ಉಳಿದಿದ್ದ ನೀರಿನ ದುಡ್ಡು ಕೇಳಲು ಗುರುಪಾದಪ್ಪ ನಮ್ಮ ಅಂಗಳಕ್ಕೇ ಬಂದ. ಗಾಡಿಯನ್ನು ನೋಡಿದೆ, ಅವನನ್ನು ನೋಡಿದೆ. ಹೆಂಡತಿ ಸತ್ತು ವರ್ಷಗಳಾಗಿದ್ದವು, ಮಕ್ಕಳಿಲ್ಲ, ಖಾನಾವಳಿಯ ಊಟ. ಹೋಳಿಗೆ ಎಂದರೆ ಬಾಯಿ ಬಿಡುತ್ತಾನೆಂದು ಊರಿಗೆಲ್ಲ ಗೊತ್ತಿತ್ತು.

"ತಿಂಗಳ ಕಡೀ ದಿನಾ ಬರ್ರಿ ಸಾವ್ಕಾರ್ರ," ಎಂದೆ. "ಅವತ್ತ ಕೈ ತೊಳೀತೀವಿ. ಹೋಳಿಗಿ ಮಾಡ್ತೀನಿ. ಉಂಡು, ನಿಮ್ಮ ಬಾಕೀನೂ ತಗೊಂಡು ಹೋಗೀರಂತ."

ಅವನು ಗೋಣಿಚೀಲ ನೋಡಿದ, ಗೋಡೆಯ ಬಿರುಕು ನೋಡಿದ. ಅವನಿಗೆ ತಿಳಿಯದ ವಿಷಯವೇ? "ಕೂಡಿಟ್ಟದ್ದು ಸಾಕಾತೇನ?" ಎಂದು ನಕ್ಕ.

"ಹಲ್ಲು ಹೋದ ಮ್ಯಾಲ ಬುದ್ಧಿ ಬಂತ್ರಿ," ಎಂದು ಬಾಯಿ ತೆರೆದು ತೋರಿಸಿದೆ.

ಆ ದಿನ ಬೆಳಗ್ಗೆಯಿಂದಲೇ ಬೇಳೆ ಬೇಯಿಸಿ, ಹೂರಣ ರುಬ್ಬಿ, ಕಣಕ ನಾದಿದೆ. ಯಮನಪ್ಪನಿಗೆ ನನ್ನ ಲೆಕ್ಕ ಗೊತ್ತಿತ್ತು, ಇಷ್ಟವಿರಲಿಲ್ಲ. ಗೋಡೆಗೆ ಒರಗಿ ಉಗುರು ಕಡಿಯುತ್ತ ಕೂತಿದ್ದ. ಹೊತ್ತು ಇಳಿಯುವಾಗ ಗುರುಪಾದಪ್ಪ ಬಂದ. ಗಾಡಿಯ ಸದ್ದು ಕೇಳಲಿಲ್ಲ. ಹೊರಗೆ ಬಂದು ನೋಡಿದರೆ ಅವನು ಪಂಚೆಯ ಚುಂಗು ಹಿಡಿದು ನಡೆದುಕೊಂಡು ಬರುತ್ತಿದ್ದ. ಗಾಡಿ ದೂರದಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯ ಹತ್ತಿರ ನಿಂತಿತ್ತು.

"ಗಾಡಿ ಅಂಗಳಕ್ಕ ತರ್ರಿ," ಎಂದೆ. "ಅಲ್ಲಿ ಹುಡುಗ್ರು ಸೀಟು ಕೊಯ್ತಾವು."

"ಕೊಯ್ದ್ರ ಕೊಯ್ಲಿ ಬಿಡವಾ," ಎಂದ. "ತುಟ್ಟಿ ಗಾಡಿ ನೋಡು. ಇವತ್ತೊಂದಿನ ದೂರ ಇದ್ರ ಚಲೋ."

ಒಳಗೆ ಬಂದು ಚಾಪೆಯ ಮೇಲೆ ಕೂತ. ಉಂಡ ಮನೆಯ ಗಳ ಎಣಿಸಬಾರದು ಎನ್ನುತ್ತಾರೆ, ಅವನು ಉಣ್ಣುವ ಮೊದಲೇ ಎಣಿಸಿದ. ಫ್ಯಾನು, ಸ್ಟವ್, ಮಂಚ, ಒಂದೊಂದನ್ನೂ ನೋಡಿ ತಲೆಯಾಡಿಸಿದ. ವರ್ಷವಿಡೀ ಒಂದೊಂದಾಗಿ ಕಟ್ಟಿದ್ದೆಲ್ಲ ಆ ಗುಡಿಯ ಕಟ್ಟೆಯ ಹತ್ತಿರ ನಿಂತುಬಿಟ್ಟಿತ್ತು. ಈಗಲೂ ಪೇಟೆಗೆ ಓಡಿ ಡಬ್ಬಿಯ ದುಡ್ಡಿಗೆ ಏನಾದರೂ ಕೊಂಡು ಬಿಸಾಡಬಹುದಿತ್ತು. ಯಮನಪ್ಪ ಕಣ್ಣಲ್ಲೇ ಅದನ್ನು ಹೇಳುತ್ತಿದ್ದ. ಕಸ್ತೂರಿ ಒಲೆಯ ಮೂಲೆಗೆ ಮುಖ ಮಾಡಿ, ನಮಗೆ ಬೆನ್ನು ಹಾಕಿ, ಗುಂಡಿ ಜೋಡಿಸುತ್ತ ಕೂತಿದ್ದಳು.

ಮೊದಲ ಹೋಳಿಗೆ ಬಡಿಸಿದೆ, ತುಪ್ಪ ಹಾಕಿದೆ. ಅವನು ಕಣ್ಣು ಮುಚ್ಚಿ ತಿಂದ. ಎರಡನೆಯದನ್ನು ಬಡಿಸುವಾಗ ಅವನು, "ನಮ್ಮಾಕಿ ಹೋದ ಮ್ಯಾಲ ಒಬ್ಬರ ಮನ್ಯಾಗ ಕುಂತ ಉಂಡಿದ್ದ ನೆನಪಿಲ್ಲವಾ. ಇವತ್ತ ಮನೀ ಮನಶ್ಯಾನ ಹಂಗ ಉಂಡೆ," ಎಂದ.

ನನ್ನ ಕೈ ಅಲ್ಲೇ ನಿಂತಿತು. ಕೂಡಿಡುವವರ ಮನೆಯಲ್ಲಿ ತಿಂಗಳ ಕಡೆಯ ದಿನ ಹೊರಗಿನವರು ಉಂಡದ್ದು ನಮ್ಮೂರಲ್ಲಿ ಯಾವತ್ತೂ ಇಲ್ಲ. ಉಂಡರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ, ಅವನ ಚಿಂತೆಯೆಲ್ಲ ಗಾಡಿಯದು. ನನ್ನ ಒಲೆಯ ಅನ್ನ ಉಂಡು, ನನ್ನ ಚಾಪೆಯ ಮೇಲೆ ಕೂತವನು ಈ ಹೊತ್ತಿಗೆ ಯಾರ ಮನೆಯವನು? ಆಗ ಮೂವರಿದ್ದೆವು, ಈಗ ನಾಲ್ವರು.

ಅವನು ಕಿಟಕಿಯ ಕಡೆ ನೋಡಿದ. ಎದುರು ಗೋಡೆಯ ನೆತ್ತಿಯಲ್ಲಿ ಒಂದು ಚೂರು ಬಿಸಿಲು ಉಳಿದಿತ್ತು. "ಹೊತ್ತ ಮುಳಗಾಕ ಬಂತು. ಬಾಕಿ ಕೊಡವಾ, ಹೊಂಡ್ತೀನಿ," ಎಂದು ಕೈ ಊರಿ ಏಳಲು ಹೋದ.

ಜನ ಇವತ್ತಿಗೂ ಕೇಳುತ್ತಾರೆ, ನಿನಗೆ ಮೊದಲೇ ಗೊತ್ತಿತ್ತೇನೆ ಎಂದು. ಕರೆಯುವಾಗ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ಗೊತ್ತಿತ್ತು. "ಇನ್ನೊಂದು ಉಣ್ರಿ," ಎಂದೆ. "ಬಿಸಿ ಐತಿ." ಅವನು ಬೇಡವೆನ್ನುವಷ್ಟರಲ್ಲಿ ಮೂರನೆಯ ಹೋಳಿಗೆ ತಟ್ಟೆಗೆ ಹಾಕಿ, ತುಪ್ಪದ ಗಿಂಡಿಯನ್ನೇ ಬಗ್ಗಿಸಿದೆ. ಯಮನಪ್ಪ ನನ್ನನ್ನೇ ನೋಡುತ್ತಿದ್ದ. ಅವನಿಗೆ ತಿಳಿಯಿತು, ಕಣ್ಣು ನೆಲಕ್ಕೆ ಹಾಕಿದ. ಗುರುಪಾದಪ್ಪ ಮತ್ತೆ ಕೂತ.

ಅವನು ಮೂರನೆಯದನ್ನು ಮುಗಿಸುವ ಹೊತ್ತಿಗೆ ಗೋಡೆಯ ಮೇಲೆ ಬಿಸಿಲಿರಲಿಲ್ಲ. ಬಾಯಿ ಚಪ್ಪರಿಸುತ್ತ ಎದ್ದು ಬಚ್ಚಲ ಕಡೆ ಎರಡು ಹೆಜ್ಜೆ ಇಟ್ಟ. ಅಲ್ಲಿ ನೀರಿರಲಿಲ್ಲ, ಕಲ್ಲಿರಲಿಲ್ಲ, ಜಾರುವಂಥದ್ದು ಏನೂ ಇರಲಿಲ್ಲ. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಅವನು ಕಿರುಚಿದ ರಭಸಕ್ಕೆ ಬೀದಿಯ ಜನವೆಲ್ಲ ಗೋಣಿಚೀಲ ಸರಿಸಿಕೊಂಡು ಒಳಗೆ ಬಂದರು.

ನಮ್ಮ ಬೀದಿಯಲ್ಲೇ ಇದ್ದ ಕಂಪೌಂಡರ್ ಕಾಲು ಮುಟ್ಟಿ ನೋಡಿದ. ಮೊಣಕಾಲ ಕೆಳಗೆ ಮೂಳೆ ಎರಡಾಗಿದೆ, ದೊಡ್ಡ ಆಸ್ಪತ್ರೆಗೆ ಒಯ್ದು ಕಬ್ಬಿಣ ಹಾಕಿಸಬೇಕು ಎಂದ. ಎಷ್ಟಾಗುತ್ತದೆ ಎಂದು ಯಾರೋ ಕೇಳಿದರು. ಒಂಬತ್ತು ಸಾವಿರ ಎಂದ. ಯಾರಿಗೂ ಆಶ್ಚರ್ಯವಾಗಲಿಲ್ಲ. ಎಲ್ಲರೂ ತಿರುಗಿ ನನ್ನನ್ನು ನೋಡಿದರು.

ಯಮನಪ್ಪ ಅಕ್ಕಿಯ ಡಬ್ಬಿ ತಂದ. "ಕೊಟ್ಟ ಬಿಡೂಣು ನಿಂಬಿ. ಕರದು ಕಾಲ ಮುರದ್ರು ಅನಿಸಿಕೊಳ್ಳೂದು ಬ್ಯಾಡ."

ನಾನು ಡಬ್ಬಿ ಕಿತ್ತುಕೊಂಡು ಮಡಿಲಲ್ಲಿಟ್ಟು ಕೂತೆ.

"ಊರ ಪದ್ಧತಿ ಗೊತ್ತಿಲ್ಲೇನ ನಿನಗ?" ಗುರುಪಾದಪ್ಪ ಹಲ್ಲು ಕಚ್ಚಿಕೊಂಡು ಹೇಳಿದ. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. "ಮನ್ಯಾಗ ಮುರದದ್ದನ್ನ ಮನೀಯವರ ಮಾಡಸ್ಬೇಕು."

"ಮಾಡಸ್ತೀನ್ರಿ," ಎಂದೆ. "ಯಾವತ್ತ ಮಾಡಸ್ಬೇಕು ಅಂತ ಪದ್ಧತ್ಯಾಗ ಇಲ್ಲ. ಆ ಫ್ಯಾನ್ ನೋಡ್ರಿ, ಕೆಟ್ಟು ವರ್ಷಾಗಾಕ ಬಂತು."

"ನಾ ಫ್ಯಾನ್ ಏನ?"

"ಅಲ್ರಿ. ಅದಕ್ಕ ನಿಮಗ ಉಣ್ಣಾಕ ಹಾಕ್ತೀನಿ. ಫ್ಯಾನಿಗೆ ಹಾಕಂಗಿಲ್ಲ."

ಗುಂಪಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಗುರುಪಾದಪ್ಪನ ಕಣ್ಣು ಕೆಂಡವಾಯಿತು. "ನಾಳಿ ಹೊತ್ತ ಏರೂದ್ರಾಗ ನಿಮ್ಮ ಸಾಮಾನ ಬೀದ್ಯಾಗ ಇಡಸ್ತೀನಿ."

"ಇಡಸ್ರಿ. ಎಲ್ಲಾ ಮುರದದ್ದ. ಅದರಾಗ ನೀವೂ ಇರ್ತೀರಿ."

ಮಾತು ಜೋರಾಗಿತ್ತು, ಆದರೆ ಎರಡೂ ಕೈಯಲ್ಲಿ ಡಬ್ಬಿಯನ್ನು ಅವಚಿ ಹಿಡಿದಿದ್ದೆ. ಅವನು ಒಂದು ಮಾತು ಹೇಳಿದರೆ ಬೀದಿಯವರೇ ನನ್ನ ಮಡಿಲಿನಿಂದ ಡಬ್ಬಿ ಕಸಿದುಕೊಳ್ಳುತ್ತಿದ್ದರು, ಅವರಲ್ಲಿ ಅರ್ಧ ಜನ ಅವನಿಗೆ ಬಾಕಿ ಇದ್ದವರು. ಅವನು ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ಉಳಿಯಿತು. ಅವನ ಕಣ್ಣು ಒಲೆಯ ಮೂಲೆಯ ಮೇಲಿತ್ತು.

ಕಸ್ತೂರಿ ಗುಂಡಿ ಜೋಡಿಸುತ್ತಿದ್ದಳು. ಅಷ್ಟು ಕಿರುಚಾಟ, ಅಷ್ಟು ಜನ, ಅಷ್ಟು ಜಗಳ. ಅವಳು ಒಮ್ಮೆಯೂ ತಿರುಗಿರಲಿಲ್ಲ.

"ಆ ಕೂಸು ಯಾಕ ಹೊಳ್ಳಿ ನೋಡ್ಲಿಲ್ಲ?" ಎಂದ ಗುರುಪಾದಪ್ಪ. "ಕಿವಿ ಕೇಳಂಗಿಲ್ರಿ ಅದಕ್ಕ. ನಾಳಿ ಪಕ್ಕದ ಊರಾಗ ಆಪರೇಷನ್ ಐತಿ, ಈ ದುಡ್ಡು ಅದಕ್ಕ," ಎಂದ ಯಮನಪ್ಪ. ಗುರುಪಾದಪ್ಪ ಪಕ್ಕದಲ್ಲಿದ್ದ ಹಿತ್ತಾಳೆಯ ಚೊಂಬು ತೆಗೆದುಕೊಂಡು, ತಾನು ಉಂಡ ತಟ್ಟೆಗೆ ಬೀಸಿ ಬಡಿದ. ನಾವೆಲ್ಲ ಬೆಚ್ಚಿಬಿದ್ದೆವು. ಮತ್ತೊಮ್ಮೆ ಬಡಿದ. ಕಸ್ತೂರಿ ಒಂದು ಹಸಿರು ಗುಂಡಿಯನ್ನು ತೆಗೆದು, ಒಲೆಯ ಬೆಳಕಿಗೆ ಹಿಡಿದು ನೋಡಿ, ಸಾಲಿನ ತುದಿಗೆ ಇಟ್ಟಳು. ಚೊಂಬು ಅವನ ಕೈಯಲ್ಲೇ ಉಳಿಯಿತು.

"ಎಷ್ಟೊತ್ತಿಗೈತಿ ಬಸ್ಸು?" ಎಂದು ಕೇಳಿದ.

"ಮುಂಜೇಲೆ ಮೊದಲನೇದು," ಎಂದ ಯಮನಪ್ಪ.

"ಹೋಗ್ರಿ." ಗುರುಪಾದಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. "ಬಾಡಗಿ ಬಿಟ್ಟೆ ಅಂತ ತಿಳೀಬ್ಯಾಡ್ರಿ ಮತ್ತ."

ಆಪರೇಷನ್ ಆಯಿತು. ಕಸ್ತೂರಿಯ ತಲೆಗೆ ಪಟ್ಟಿ ಕಟ್ಟಿ, ತಿಂಗಳೊಪ್ಪತ್ತು ಬಿಟ್ಟು ಬನ್ನಿ, ಆಗ ಬಿಚ್ಚುತ್ತೇವೆ, ಕೇಳಿದರೆ ಕೇಳಿತು ಎಂದರು. ದುಡ್ಡು ಹೋಯಿತು, ಭರವಸೆ ಯಾರೂ ಕೊಡಲಿಲ್ಲ. ಮರಳಿ ಬಂದರೆ ಗುರುಪಾದಪ್ಪ ನಮ್ಮ ಹಗ್ಗದ ಮಂಚದ ಮೇಲಿದ್ದ. ನಾಟಿ ವೈದ್ಯನೊಬ್ಬ ಬಿದಿರಿನ ಸೀಳು ಇಟ್ಟು, ಮೊಟ್ಟೆಯ ಲೋಳೆ ಹಚ್ಚಿ ಕಾಲು ಕಟ್ಟಿದ್ದ. ಒಂಟಿ ಮನುಷ್ಯ, ಎಲ್ಲಿಗೆ ಹೋದಾನು? ಕೊಟ್ಟ ಮಾತಿನಂತೆ ಉಣ್ಣಲು ಹಾಕಿದೆ. ರೊಟ್ಟಿ ದಪ್ಪವೆಂದ, ಸಾರು ನೀರೆಂದ, ಬಾಡಿಗೆಯ ದಿನವನ್ನಂತೂ ಮರೆಯಲಿಲ್ಲ. ಮಂಚದ ಮೇಲಿಂದಲೇ ಊರಿನ ವಸೂಲಿ ಮಾಡಿದ. ಬೀದಿಯವರು ಸಾಲಾಗಿ ನಮ್ಮ ಗೋಣಿಚೀಲದ ಬಾಗಿಲಿಗೆ ಬಂದು ದುಡ್ಡು ಕಟ್ಟಿ ಹೋಗುತ್ತಿದ್ದರು, ಹೋಗುವಾಗ ನನ್ನ ಕಡೆ ಕೆಟ್ಟ ಕಣ್ಣು ಬಿಡುತ್ತಿದ್ದರು. ಕಬ್ಬಿಣ ಹಾಕಿಸದ ಕಾಲು ಸೊಟ್ಟಗೆ ಕೂಡಿತು. ಅವನು ಕುಂಟುವುದನ್ನು ನೋಡಿದಾಗಲೆಲ್ಲ ನಾನು ಕಣ್ಣು ತಪ್ಪಿಸುತ್ತೇನೆ. ಆದರೂ ಅದೇ ಸಂಜೆ ಮತ್ತೆ ಬಂದರೆ ಮೂರನೆಯ ಹೋಳಿಗೆ ಬಡಿಸುತ್ತೇನೆ. ಈಗ ಸಂಬಳದ ದಿನ ಗೇಟಿನಲ್ಲಿ ಲಕೋಟೆ ಅವನ ಕೈಗಿಟ್ಟ ಮೇಲೆ, ಅವನ ಗಾಡಿಗೆ ಕಿಕ್ ಹೊಡೆದುಕೊಡುವವಳೂ ನಾನೇ. ಆ ಕಾಲಲ್ಲಿ ಅವನಿಗೆ ಆಗುವುದಿಲ್ಲ.

ಕಸ್ತೂರಿಯ ಪಟ್ಟಿ ಬಿಚ್ಚಿಸಿದ ದಿನ ಅವನಿನ್ನೂ ನಮ್ಮ ಮಂಚದ ಮೇಲೇ ಇದ್ದ. ಆಸ್ಪತ್ರೆಯಲ್ಲಿ ಅವಳು ಏನೂ ಹೇಳಲಿಲ್ಲ. ನರ್ಸು ಚಿಟಿಕೆ ಹೊಡೆದರೆ ಸುಮ್ಮನೆ ಮಿಕಿಮಿಕಿ ನೋಡಿದಳು. ಬಸ್ಸಿನಲ್ಲೂ ಕಿಟಕಿಗೆ ಮುಖವಿಟ್ಟು ಕೂತಿದ್ದಳು. ಯಮನಪ್ಪನೂ ನಾನೂ ದಾರಿಯುದ್ದಕ್ಕೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಒಂದು ವರ್ಷ, ಒಂದು ಮನೆ, ನನ್ನ ಹಲ್ಲು, ಒಬ್ಬ ಮನುಷ್ಯನ ಕಾಲು. ಎಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು ಎಂದುಕೊಂಡೆ.

ಮನೆಗೆ ಬಂದಾಗ ಮಧ್ಯಾಹ್ನ. ಗುರುಪಾದಪ್ಪ ಉಂಡು, ಬಾಯಿ ತೆರೆದು ಮಲಗಿದ್ದ. ಕಸ್ತೂರಿ ಗುಂಡಿಯ ಡಬ್ಬಿ ತೆಗೆದುಕೊಂಡು ತನ್ನ ಮೂಲೆಗೆ ಹೋಗಿ, ನಮಗೆ ಬೆನ್ನು ಹಾಕಿ ಕೂತಳು. ನಾನು ಒಲೆಗೆ ಕಟ್ಟಿಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಅವಳು ಗುಂಡಿಗಳನ್ನು ಬಿಟ್ಟು, ಹುಬ್ಬು ಗಂಟಿಕ್ಕಿ, ನಿಧಾನವಾಗಿ ತಿರುಗಿದಳು. ಮಂಚವನ್ನು ನೋಡಿದಳು, ನನ್ನನ್ನು ನೋಡಿದಳು.

"ಅವ್ವಾ," ಎಂದಳು. "ಈ ಅಜ್ಜ ಹಿಟ್ಟಿನ ಗಿರಣಿ ನುಂಗ್ಯಾನೇನ?"

ಅವನ ಗೊರಕೆ ಮನೆ ತುಂಬ ಓಡುತ್ತಿತ್ತು. ನಾವು ಎಷ್ಟು ದಿನದಿಂದ ಅದನ್ನು ಬೈದುಕೊಂಡು ಮಲಗಿದ್ದೆವೋ. ಯಮನಪ್ಪ ನಗಲೂ ಆಗದೆ ಅಳಲೂ ಆಗದೆ, ಗುರುಪಾದಪ್ಪನಿಗೆ ಸುದ್ದಿ ಹೇಳಲು ಮಂಚದ ಕಡೆ ಓಡಿದ. ನಾನು ಅವನ ಕೈ ಹಿಡಿದು ನಿಲ್ಲಿಸಿದೆ.

"ಎಬ್ಬಸ್ಬ್ಯಾಡ್ರಿ," ಎಂದೆ. "ಇನ್ನಷ್ಟು ಕೇಳ್ಲಿ."